ಸಾರ್ವಜನಿಕ ಸಂಪರ್ಕ: ನಾಲಿಗೆಯ ಕೆಲಸವೋ, ಕಿವಿಯ ಕೆಲಸವೋ?

ಸಾರ್ವಜನಿಕ ಸಂಪರ್ಕವೆಂದೊಡನೆ ಹಲವರ ಕಣ್ಣ ಮುಂದೆ ನಿಲ್ಲುವುದು ಒಂದೇ ಚಿತ್ರ. ಅತಿಥಿಗಳಿಗೆ ಹಾರ ಹಾಕಿಸಿ, ಪತ್ರಿಕೆಯವರಿಗೆ ಉಪಾಹಾರವಿತ್ತು, ಮರುದಿನ ತಮ್ಮ ಸಂಸ್ಥೆಯ ವಾರ್ತೆ ಎಷ್ಟು ಅಂಗುಲ ಅಚ್ಚಾಯಿತೆಂದು ಅಳೆಯುವ ನಗುಮುಖದ ಅಧಿಕಾರಿಯ ಚಿತ್ರವದು. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉದ್ಯಮವಾಗಲಿ, ಸರಕಾರವಾಗಲಿ, ಸೇವಾಸಂಸ್ಥೆಯಾಗಲಿ ಜನರ ವಿಶ್ವಾಸವಿಲ್ಲದೆ ಬಹುಕಾಲ ಬಾಳಲಾರದು. ಆ ವಿಶ್ವಾಸವನ್ನು ಗಳಿಸಿ ಉಳಿಸಿಕೊಳ್ಳುವ ಕಾರ್ಯಕ್ಕೇ ಸಾರ್ವಜನಿಕ ಸಂಪರ್ಕವೆಂದು ಹೆಸರು. ಅದು ಮೊದಲು ಕಿವಿಯ ಕೆಲಸ, ಆನಂತರ ನಾಲಿಗೆಯ ಕೆಲಸವೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕ್ರಮ ತಪ್ಪಿದಾಗ ಹಾನಿಯಾಗುವುದು ಸಂಸ್ಥೆಯ ಹೆಸರಿಗೆ ಮಾತ್ರವಲ್ಲ, ಜನರ ಜೀವಕ್ಕೂ ಹೌದು.

ಈ ವೃತ್ತಿಯ ಇತಿಹಾಸದಲ್ಲಿಯೇ ಅದರ ಗುಣದೋಷಗಳೆರಡೂ ಅಡಗಿವೆ. ಅಮೆರಿಕೆಯ ಪತ್ರಕರ್ತ ಐವಿ ಲೀ ಅವರು 1906ರಲ್ಲಿ ಕಲ್ಲಿದ್ದಲು ಗಣಿಗಳ ಮಾಲೀಕರ ಪರವಾಗಿ ಒಂದು ತತ್ತ್ವಘೋಷಣೆಯನ್ನು ಹೊರಡಿಸಿದರು. ತಮ್ಮದು ಗುಟ್ಟಿನ ಕಾರ್ಯಾಲಯವಲ್ಲ, ಪತ್ರಿಕೆಗಳಿಗೂ ಜನತೆಗೂ ಸಕಾಲದಲ್ಲಿ ಸರಿಯಾದ ಮಾಹಿತಿಯನ್ನು ಕೊಡುವುದೇ ತಮ್ಮ ಧ್ಯೇಯವೆಂಬುದು ಅದರ ಸಾರ. ಎಂಟೇ ವರ್ಷಗಳಲ್ಲಿ ಆ ಘೋಷಣೆಗೆ ಪರೀಕ್ಷೆ ಬಂದಿತು. 1914ರ ಏಪ್ರಿಲ್ 20ರಂದು ಕೊಲೊರಾಡೋ ರಾಜ್ಯದ ಲಡ್ಲೋ ಎಂಬಲ್ಲಿ ಮುಷ್ಕರನಿರತ ಗಣಿಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರು ಮಕ್ಕಳೂ ಸತ್ತರು. ಆಗ ಗಣಿಯ ಒಡೆಯರಾದ ರಾಕ್‌ಫೆಲರ್ ಮನೆತನದ ಪರವಾಗಿ ಲೀ ಅವರು ಹೊರಡಿಸಿದ ಪತ್ರಿಕೆಗಳಲ್ಲಿ ತಪ್ಪು ಸಂಗತಿಗಳು ಸೇರಿಕೊಂಡಿದ್ದವು. ಮಾಲೀಕರು ಕೊಟ್ಟ ಮಾಹಿತಿಯನ್ನು ತಾವು ಪರಿಶೀಲಿಸಿರಲಿಲ್ಲವೆಂದು ಅವರು ವಿಚಾರಣಾ ಆಯೋಗದ ಮುಂದೆ ಒಪ್ಪಿಕೊಳ್ಳಬೇಕಾಯಿತು. ಧಣಿಯ ಮಾತನ್ನು ಮಾತ್ರ ಕೇಳಿ ಕೂಲಿಯ ಮಾತನ್ನು ಕೇಳದ ಕಿವಿ ಅರ್ಧ ಕಿವುಡೇ ಸರಿ.

ಇದಕ್ಕಿಂತ ಘೋರವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸೈನೇಟ್ ಎಂಬ ವಿಷಾನಿಲ ಸೋರಿ ಸಾವಿರಾರು ಜನ ಮಡಿದರು. ಸುತ್ತಲಿನ ಬಡಾವಣೆಗಳ ನಿವಾಸಿಗಳಿಗೆ ಆ ಕಾರ್ಖಾನೆಯೊಳಗೆ ಏನಿದೆಯೆಂದೇ ತಿಳಿದಿರಲಿಲ್ಲ. ಓಡದೆ, ಮುಖಕ್ಕೆ ಒದ್ದೆ ಬಟ್ಟೆ ಹಿಡಿದುಕೊಂಡಿದ್ದರೆ ಎಷ್ಟೋ ಜನ ಬದುಕುಳಿಯಬಹುದಿತ್ತು. ಆ ಒಂದು ಮಾತನ್ನು ಅವರಿಗೆ ಮೊದಲೇ ಹೇಳಿದವರಿರಲಿಲ್ಲ. ಆಸ್ಪತ್ರೆಗೆ ಬಂದವರಿಗೆ ಯಾವ ಅನಿಲಕ್ಕೆ ಯಾವ ಮದ್ದು ಕೊಡಬೇಕೆಂಬುದು ವೈದ್ಯರಿಗೂ ಗೊತ್ತಿರಲಿಲ್ಲ. ಕಾರ್ಖಾನೆಯ ಅಪಾಯವನ್ನು ಕುರಿತು ಸ್ಥಳೀಯ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಅವರು 1982ರಿಂದಲೇ ಬರೆಯುತ್ತ ಬಂದಿದ್ದರು. ಅದಕ್ಕೆ ಕಂಪನಿಯೂ ಕಿವಿಗೊಡಲಿಲ್ಲ, ಸರಕಾರವೂ ಕಿವಿಗೊಡಲಿಲ್ಲ. 1989ರಲ್ಲಿ 47 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತು. ಆದರೆ ಒದ್ದೆ ಬಟ್ಟೆಯ ಒಂದು ಮಾತಿನ ಬೆಲೆಯನ್ನು ಯಾವ ಹಣವೂ ತುಂಬಿಕೊಡಲಾರದು. ಊರು ಹತ್ತಿ ಉರಿಯುವಾಗ ಬಾವಿ ತೋಡಿದರೆಂಬ ಗಾದೆ ಇಂಥ ಸಂಪರ್ಕಕಾರ್ಯಕ್ಕೇ ಹುಟ್ಟಿದಂತಿದೆ.

ಇದಕ್ಕೆ ಎರಡು ವರ್ಷ ಮೊದಲು, 1982ರ ಸೆಪ್ಟೆಂಬರ್ ಕೊನೆಯಲ್ಲಿ, ಅಮೆರಿಕೆಯ ಶಿಕಾಗೋ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಲ್ಲಿ ಯಾರೋ ಸೈನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯವರು ಗುಳಿಗೆಗಳನ್ನು ಸೇವಿಸಬೇಡಿರೆಂದು ತಾವೇ ಸಾರಿ, ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದರು. ಬಿಚ್ಚಿದರೆ ಗೊತ್ತಾಗುವಂಥ ಮೊಹರಿನೊಡನೆ ಔಷಧ ಮತ್ತೆ ಮಾರುಕಟ್ಟೆಗೆ ಬಂದಿತು. ಜನ ಮತ್ತೆ ಕೊಂಡರು. ವಿಷವಿಕ್ಕಿದವನು ಹೊರಗಿನವನಾದ್ದರಿಂದ ಆ ಕಂಪನಿಗೆ ಸತ್ಯ ಹೇಳುವುದು ಸುಲಭವಾಗಿತ್ತೆಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಒಂದು ಸಲ ಗಳಿಸಿದ ವಿಶ್ವಾಸ ಶಾಶ್ವತ ಪ್ರಮಾಣಪತ್ರವಲ್ಲವೆಂಬುದೂ ನಿಜ; ಅದೇ ಕಂಪನಿಯು ಟಾಲ್ಕ್‌ನಿಂದ ತಯಾರಿಸಿದ ತನ್ನ ಮಕ್ಕಳ ಪೌಡರಿನ ಮೇಲೆ ಸಾವಿರಾರು ದಾವೆಗಳನ್ನು ಎದುರಿಸಿ, 2020ರಲ್ಲಿ ಅಮೆರಿಕೆಯಲ್ಲಿಯೂ ಕೆನಡಾದಲ್ಲಿಯೂ ಅದರ ಮಾರಾಟವನ್ನು ನಿಲ್ಲಿಸಿತು. ಆದರೂ ಲಾಭಕ್ಕಿಂತ ಮೊದಲು ಅಪಾಯವನ್ನು ಸಾರಿದ ಆ ಒಂದು ನಿರ್ಣಯ ಇಂದಿಗೂ ಪಾಠವಾಗಿ ಉಳಿದಿದೆ.

ಭೋಪಾಲದ ಬಳಿಕ ನಮ್ಮ ಕಾರ್ಖಾನೆ ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾಯಿತು. ಅಪಾಯಕಾರಿ ಉದ್ಯಮವನ್ನು ನಡೆಸುವವರು ಅದರ ಅಪಾಯಗಳನ್ನೂ ಮುನ್ನೆಚ್ಚರಿಕೆಯ ಕ್ರಮಗಳನ್ನೂ ಕಾರ್ಮಿಕರಿಗೆ, ಸ್ಥಳೀಯ ಆಡಳಿತಕ್ಕೆ ಹಾಗೂ ಸುತ್ತಲಿನ ಜನತೆಗೆ ತಿಳಿಸಲೇಬೇಕೆಂದು ಅದು ವಿಧಿಸಿತು. ಜನರಿಗೆ ತಿಳಿಸುವುದು ಕಂಪನಿಯ ಔದಾರ್ಯವಲ್ಲ, ಅದರ ಕರ್ತವ್ಯವೆಂದು ಈ ಕಾನೂನು ಸಾರಿತು.

ಸರಕಾರದ ವಿಷಯದಲ್ಲಿ ಈ ಕರ್ತವ್ಯ ಇನ್ನೂ ಹಿರಿದು. ಏಕೆಂದರೆ ಅಲ್ಲಿ ಹೇಳುವವರ ಸಂಬಳವೂ ಕೇಳುವವರ ತೆರಿಗೆಯಿಂದಲೇ ಬರುತ್ತದೆ. ಆದರೆ ಪ್ರಚಾರವೆಂದರೆ ಭಾವಚಿತ್ರವೆಂಬ ಭ್ರಮೆ ಅಧಿಕಾರದಲ್ಲಿರುವವರನ್ನು ಬಿಟ್ಟಿಲ್ಲ. ಸರಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಹಾಗೂ ಮುಖ್ಯ ನ್ಯಾಯಮೂರ್ತಿಗಳ ಚಿತ್ರಗಳಿಗೆ ಮಾತ್ರ ಅವಕಾಶವೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಆದೇಶಿಸಿತು. ಮರುವರ್ಷವೇ ರಾಜ್ಯಪಾಲರು, ಮುಖ್ಯಮಂತ್ರಿಗಳು ಹಾಗೂ ಸಚಿವರ ಚಿತ್ರಗಳಿಗೂ ಬಾಗಿಲು ತೆರೆಯಿತು. ಭಾವಚಿತ್ರಕ್ಕಿಂತ ಲೆಕ್ಕಪತ್ರವೇ ಹಿರಿದೆಂಬುದನ್ನು ರಾಜಸ್ಥಾನದ ಹಳ್ಳಿಗರು ತೋರಿಸಿಕೊಟ್ಟರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಕಾಮಗಾರಿಗಳ ಹಾಜರಿಪಟ್ಟಿಗಳನ್ನು ಊರ ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ದುಡಿಯದವರ ಹೆಸರಿನಲ್ಲಿ ಕೂಲಿ ಬಟವಾಡೆಯಾದ ಸಂಗತಿಗಳು ಆಗ ಬಯಲಾದವು. ಕರ್ನಾಟಕವು ಈ ಕುರಿತು 2000ದಲ್ಲಿಯೇ ತನ್ನದೊಂದು ಕಾಯಿದೆಯನ್ನು ಮಾಡಿಕೊಂಡಿತು. 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ಅರ್ಜಿ ಬರುವ ಮೊದಲೇ ಪ್ರತಿ ಕಚೇರಿಯೂ ತನ್ನ ಕೆಲಸಕಾರ್ಯಗಳ ವಿವರವನ್ನು ತಾನಾಗಿ ಪ್ರಕಟಿಸಬೇಕೆಂದು ಅದರ ನಾಲ್ಕನೆಯ ಪ್ರಕರಣ ಹೇಳುತ್ತದೆ. ಪ್ರಾಮಾಣಿಕ ಸಂಪರ್ಕಾಧಿಕಾರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಬೇಕಿಲ್ಲ.

ಸರಕಾರವೂ ಸೇವಾಸಂಸ್ಥೆಗಳೂ ಒಂದುಗೂಡಿ ಕಿವಿಗೊಟ್ಟಾಗ ಏನಾಗಬಲ್ಲದೆಂಬುದಕ್ಕೆ ಪೋಲಿಯೋ ನಿರ್ಮೂಲನೆಯ ಉದಾಹರಣೆ ಸಾಕು. ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಲಸಿಕೆಯಿಂದ ಬಂಜೆತನ ಬರುವುದೆಂಬ ವದಂತಿ ಹಬ್ಬಿ ತಾಯಂದಿರು ಬಾಗಿಲು ಮುಚ್ಚಿಕೊಂಡರು. ಗೋಡೆಬರಹಗಳಿಂದ ಆ ಬಾಗಿಲು ತೆರೆಯಲಿಲ್ಲ. ಅದೇ ಓಣಿಯ ಹೆಣ್ಣುಮಕ್ಕಳೂ ಜನ ನಂಬುವ ಧರ್ಮಗುರುಗಳೂ ಮನೆಮನೆಗೆ ಹೋಗಿ ಕುಳಿತು ಮಾತನಾಡಿದರು. ಕುಡಿಯುವ ನೀರಿಲ್ಲ, ಚರಂಡಿಯಿಲ್ಲ, ಈ ಎರಡು ಹನಿ ಮಾತ್ರ ಏಕೆಂದು ಜನ ಕೇಳಿದ ಪ್ರಶ್ನೆ ನ್ಯಾಯವಾದದ್ದೆಂಬುದು ಅಧಿಕಾರಿಗಳಿಗೂ ಮನವರಿಕೆಯಾಯಿತು. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳಲ್ಲಿ ನೈರ್ಮಲ್ಯ, ಶುದ್ಧ ನೀರು, ಅತಿಸಾರದ ಚಿಕಿತ್ಸೆಗಳನ್ನೂ ಯೋಜನೆಯೊಳಗೆ ಸೇರಿಸಲಾಯಿತು. ದೇಶದ ಕೊನೆಯ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಜನರ ಪ್ರಶ್ನೆ ಯೋಜನೆಯನ್ನೇ ತಿದ್ದಿತೆಂಬುದು ಇಲ್ಲಿಯ ಮುಖ್ಯ ಪಾಠ.

ಸೇವಾಸಂಸ್ಥೆಗಳಿಗೆ ಮಾರಾಟದ ಸರಕಿಲ್ಲ, ಆಜ್ಞಾಪಿಸುವ ಅಧಿಕಾರವೂ ಇಲ್ಲ. ವಿಶ್ವಾಸವೊಂದೇ ಅವುಗಳ ಬಂಡವಾಳ. 2013ರ ಕಂಪನಿ ಕಾಯಿದೆಯ ಪ್ರಕಾರ, ನಿಗದಿಯಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಈ ಏರ್ಪಾಡು 2014ರ ಏಪ್ರಿಲಿನಿಂದ ಜಾರಿಯಲ್ಲಿದೆ. ಇದರಿಂದ ನೆರವು ಬಂದಿತು, ಜೊತೆಗೆ ಒಂದು ಮೋಹವೂ ಬಂದಿತು. ಕೊಟ್ಟ ನೋಟುಪುಸ್ತಕಕ್ಕಿಂತ ಕೊಟ್ಟವರ ಫಲಕವೇ ದೊಡ್ಡದಾಗಿ ಕಾಣುವ ಭಾವಚಿತ್ರ, ಅದರ ಮುಂದೆ ತಲೆತಗ್ಗಿಸಿ ನಿಂತ ಬಡಮಗು: ಇದು ಸಂಪರ್ಕವಲ್ಲ, ಆ ಮಗುವಿನ ಮಾನದ ವ್ಯಯ. ದಾನಿಗಳಾದ ಮಹನೀಯರು ಇಂಥ ಚಿತ್ರವನ್ನು ಬೇಡವೆಂದು, ಅದರ ಬದಲು ಲೆಕ್ಕವನ್ನು ಕೇಳಿದರೆ ಸಂಸ್ಥೆಗಳಿಗೆ ಮಹೋಪಕಾರವಾಗುತ್ತದೆ. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಕೈಗೂಡಿದ್ದೇನು, ಕೈಗೂಡದೆ ಉಳಿದದ್ದೇನು ಎಂಬ ನಾಲ್ಕು ಮಾತು ವಾರ್ಷಿಕ ವರದಿಯಲ್ಲಿದ್ದರೆ ಸಾಕು. ನಾಲ್ಕನೆಯದನ್ನು ಬರೆಯಲು ಅಂಜುವ ಸಂಸ್ಥೆಯ ಮೊದಲ ಮೂರು ಮಾತುಗಳನ್ನೂ ಜನ ಸಂಶಯದಿಂದಲೇ ಓದುತ್ತಾರೆ.

ಎಲ್ಲವನ್ನೂ ಹೊರಗಿಟ್ಟರೆ ಸಂಸ್ಥೆ ಹಗುರಾಗುವುದಿಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ವ್ಯಕ್ತಿಗಳ ಖಾಸಗಿ ವಿಷಯಗಳನ್ನು ಕಾಯುವುದು ಧರ್ಮವೇ. ಆದರೆ ಜನರ ಜೀವಕ್ಕೂ ಹಣಕ್ಕೂ ಸಂಬಂಧಿಸಿದ್ದನ್ನು ಮುಚ್ಚಿಡುವುದು ಗೌಪ್ಯವಲ್ಲ, ಬೂದಿ ಮುಚ್ಚಿದ ಕೆಂಡ. ಆದ್ದರಿಂದ ಸಂಪರ್ಕಾಧಿಕಾರಿಯನ್ನು ನಿರ್ಣಯವಾದ ಮೇಲೆ ಪ್ರಕಟಣೆ ಬರೆಯಲು ಕರೆಯುವ ಬದಲು, ನಿರ್ಣಯಕ್ಕೆ ಮೊದಲೇ ಜನರ ಮಾತನ್ನು ತಂದು ಹೇಳಲು ಕರೆಯಬೇಕು. ಅಪ್ರಿಯವಾದುದನ್ನು ಹೇಳಿದ್ದಕ್ಕಾಗಿ ಅವನ ನೌಕರಿಗೆ ಕುತ್ತು ಬರಬಾರದು.

ನಮ್ಮ ಶಾಲೆಗಳಿಂದ ಹೊರಟ ಮಕ್ಕಳು ನಾಳೆ ಕಂಪನಿಗಳಲ್ಲಿ, ಕಚೇರಿಗಳಲ್ಲಿ, ಸೇವಾಸಂಸ್ಥೆಗಳಲ್ಲಿ ಕುಳಿತು ಲಕ್ಷಾಂತರ ಜನರಿಗೆ ಮಾತು ಕಳಿಸುವವರು. ಚೆಂದವಾಗಿ ಭಾಷಣ ಮಾಡುವುದಕ್ಕೆ ನಾವು ಅವರಿಗೆ ಬಹುಮಾನ ಕೊಡುತ್ತೇವೆ. ಎದುರಿನವನ ಮಾತನ್ನು ಪೂರ್ತಿ ಕೇಳಿ, ತಪ್ಪಿಲ್ಲದೆ ತಿರುಗಿ ಹೇಳಬಲ್ಲವನಿಗೂ ಒಂದು ಬಹುಮಾನವಿಡಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ.