ಹಾಡಿನ ಹೆಸರು, ಹಾಡಿನ ಹುರುಳು

ಹರೆಯದಲ್ಲಿ ಮನಸ್ಸಿಗೆ ಹಿಡಿದ ಹಾಡು ಮುಪ್ಪಿನವರೆಗೂ ಜೊತೆಗಿರುತ್ತದೆ. 1991ರಲ್ಲಿ ಅಮೆರಿಕದ ಆರ್.ಇ.ಎಂ. ವಾದ್ಯವೃಂದವು ಹೊರತಂದ ‘ಲೂಸಿಂಗ್ ಮೈ ರಿಲಿಜನ್’ ನನ್ನ ಪಾಲಿಗೆ ಅಂಥದು. ಕ್ಯಾಸೆಟ್ಟಿನ ಮೇಲೆ ಆ ಹೆಸರನ್ನು ಓದಿದ ನಮ್ಮ ತಂದೆಯವರು ನೊಂದುಕೊಂಡರು. ಇಷ್ಟಲಿಂಗಪೂಜೆಯಾಗದೆ ಪ್ರಸಾದ ಸ್ವೀಕರಿಸದ ಮನೆಯಲ್ಲಿ ಧರ್ಮವನ್ನು ಕಳೆದುಕೊಳ್ಳುವ ಹಾಡೇ ಎಂಬುದು ಅವರ ಸಂಕಟ.

ಆ ಮಾತು ಅಮೆರಿಕದ ದಕ್ಷಿಣ ಪ್ರಾಂತ್ಯದ ಆಡುನುಡಿ. ತಾಳ್ಮೆಯ ಕಟ್ಟೆ ಒಡೆಯಿತು, ಇನ್ನು ಸೈರಿಸಲಾರೆ ಎಂಬುದಷ್ಟೇ ಅದರ ಭಾವ. ಮೆಚ್ಚಿದವರ ಮುಂದೆ ಮನಸ್ಸನ್ನು ತೆರೆದಿಡಲಾರದೆ ತೊಳಲುವವನ ಅಳಲು ಆ ಹಾಡಿನಲ್ಲಿದೆ, ದೈವನಿಂದೆ ಇಲ್ಲ.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ನಾಲ್ವರು ತರುಣರು ಕಟ್ಟಿದ ವೃಂದವಿದು. 1981ರಲ್ಲಿ ಇವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು ಪುಟ್ಟ ಕಂಪನಿಯೊಂದರಿಂದ. ಇವರನ್ನು ಜನರಿಗೆ ಮುಟ್ಟಿಸುವಲ್ಲಿ ವಿದ್ಯಾರ್ಥಿಗಳು ನಡೆಸುವ ಬಾನುಲಿ ಕೇಂದ್ರಗಳ ಪಾತ್ರ ಹಿರಿದು. ಈ ಹಾಡನ್ನು ಎತ್ತಿ ಹಿಡಿದಿರುವುದು ಪೀಟರ್ ಬಕ್ ಆಗಷ್ಟೇ ಕಲಿಯುತ್ತಿದ್ದ ಮ್ಯಾಂಡೊಲಿನ್ನಿನ ನಾದ. ದೂರದರ್ಶನಗಳಿಗಾಗಿ ಇದರ ದೃಶ್ಯರೂಪವನ್ನು ನಿರ್ದೇಶಿಸಿದವರು ಭಾರತದಲ್ಲಿ ಜನಿಸಿದ ತರ್ಸೇಮ್ ಸಿಂಗ್. ವೃಂದವು 2011ರಲ್ಲಿ ವಿಸರ್ಜನೆಗೊಂಡಿತು.

ನಾನು ಅರ್ಥವನ್ನು ಬಿಡಿಸಿ ಹೇಳಿದ ಮೇಲೆ ತಂದೆಯವರು ಕುಳಿತು ಪೂರ್ತಿ ಕೇಳಿದರು. “ತಂತಿಯ ನಾದ ಚೆನ್ನಾಗಿದೆ. ಪೂಜೆಯ ಹೊತ್ತಿನಲ್ಲಿ ಮಾತ್ರ ಹಾಕಬೇಡಪ್ಪ” ಎಂದರು.

ಬಂಧುಗಳೇ, ಇಂದಿನ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳುತ್ತಾರೆ. ಅವರ ಹಾಡು ಮನೆಯವರ ಕಿವಿಗೆ ಬೀಳುವುದೇ ಇಲ್ಲ. ಹೆಸರನ್ನು ಕಂಡು ಗದರುವ ಮುನ್ನ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿರಿ. ಹಾಡು ನಿಮಗೆ ಹಿಡಿಸದಿದ್ದರೂ ಮಗುವಿನ ಮನಸ್ಸು ತಿಳಿದೀತು.