ಎಕ್ಸ್‌ರೇ ಒಬ್ಬರಿಗೆ, ತಪಾಸಣೆ ಮನೆಮಂದಿಗೆಲ್ಲ

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬ್ರಿಟನ್ನಿಗೆ ಓದಲು, ದುಡಿಯಲು ಬರುವವರು ಆರು ತಿಂಗಳು ಮೀರಿದ ವೀಸಾ ಬೇಕೆಂದರೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಟಿಬಿ ಪರೀಕ್ಷೆ ಮುಗಿಸಿ ಬರಬೇಕು. ಮೊದಲು ಎದೆಯ ಎಕ್ಸ್‌ರೇ. ಅನುಮಾನ ಬಂದರೆ ಮೂರು ದಿನ ಕಫ ಕೊಡಬೇಕು. ಆ ಕಫವನ್ನು ಪ್ರಯೋಗಾಲಯದಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಎರಡು ತಿಂಗಳವರೆಗೂ ಹಿಡಿಯುತ್ತದೆ. ಅಷ್ಟು ದಿನ ಮನೆಯವರಿಗೆಲ್ಲ ಕಾಲೇಜಿನ ಸೀಟು, ವಿಮಾನದ ಟಿಕೆಟ್ಟಿನದೇ ಚಿಂತೆ. ಅವರು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ರೋಗ ಇದ್ದರೆ ಅದು ಇವರಿಗೆ ಯಾರಿಂದ ಬಂತು, ಇವರಿಂದ ಯಾರಿಗೆ ಹೋಗಿರಬಹುದು?

ಟಿಬಿ ಗಾಳಿಯಲ್ಲಿ ಹರಡುತ್ತದೆ. ಒಂದೇ ಸೂರಿನಡಿ ಮಲಗುವವರಿಗೆ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. ವೀಸಾ ಕೇಂದ್ರ ನೋಡುವುದು ಪ್ರಯಾಣಿಕರನ್ನು ಮಾತ್ರ. ಉಳಿದವರನ್ನು ನೋಡಲು ತಾಲ್ಲೂಕು ಆಸ್ಪತ್ರೆಯಿದೆ. ಸರ್ಕಾರದ ಕಾರ್ಯಕ್ರಮದಲ್ಲಿ ಕಫ ಪರೀಕ್ಷೆಯೂ ಆರು ತಿಂಗಳ ಮಾತ್ರೆಯೂ ಉಚಿತ. 2024ರ ನವೆಂಬರಿನಿಂದ ರೋಗಿಯ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. ಮನೆಯ ಉಳಿದವರಿಗೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಮುಂದೆ ಬಾರದಂತೆ ತಡೆಯುವ ಮಾತ್ರೆಯನ್ನೂ ಕೊಡುತ್ತಾರೆ. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರು ಆಸ್ಪತ್ರೆಗೆ ಹೋಗುವುದಿಲ್ಲ ಎನ್ನುವವರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲೇ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ನಡೆಸಿ ಈ ಮಾತನ್ನು ಸುಳ್ಳಾಗಿಸಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು; ಕೆಮ್ಮಿನ ಔಷಧಿ ಕೊಟ್ಟು ವಾಪಸು ಕಳಿಸಿದ್ದು ಆಸ್ಪತ್ರೆಯವರು. ಆದ್ದರಿಂದ ಇಂದಿಗೂ ಎರಡು ವಾರ ಕೆಮ್ಮಿದವರು ಔಷಧಿ ಚೀಟಿಗೆ ತೃಪ್ತರಾಗದೆ, ಕಫ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಬೇಕು.

ಈ ಪರೀಕ್ಷೆಯೇ ನಮ್ಮ ದೇಶಕ್ಕೆ ಅವಮಾನ ಎಂಬ ಆಕ್ಷೇಪವೂ ಇದೆ. ಹಿಂದೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಂದಿಳಿದವರನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಅದಕ್ಕೆ ಹೋಲಿಸಿದರೆ ಹೊರಡುವ ಮುನ್ನವೇ ತಿಳಿದು ಚಿಕಿತ್ಸೆ ಪಡೆಯುವುದು ರೋಗಿಗೇ ಲಾಭ. ಇನ್ನು ಊರಲ್ಲಿ ಗೊತ್ತಾದರೆ ಮಗಳ ಮದುವೆಗೆ ಅಡ್ಡಿ ಎಂಬ ಅಂಜಿಕೆ. ಅದನ್ನು ಹಗುರವಾಗಿ ಕಾಣಲಾರೆವು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಹೆಸರಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನೂ ಬಲಿ ತೆಗೆದುಕೊಂಡ ಕಾಯಿಲೆಯಿದು. ಅರಮನೆಯೆಂದು ಅದು ಹಿಂಜರಿಯಲಿಲ್ಲ. ಆ ಕಾಲದಲ್ಲಿ ಮದ್ದಿರಲಿಲ್ಲ, ಈಗಿದೆ. ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರು ಸ್ಯಾನಟೋರಿಯಮ್ಮಿನಲ್ಲಿ ಇದ್ದವರಷ್ಟೇ ಗುಣವಾಗುತ್ತಾರೆಂದು ಮದ್ರಾಸಿನ ಅಧ್ಯಯನ 1959ರಲ್ಲೇ ತೋರಿಸಿತ್ತು. ಅಂಜಿಕೆಯಿಂದ ಗುಟ್ಟಾಗಿ ಅಂಗಡಿಯ ಆ್ಯಂಟಿಬಯೋಟಿಕ್ ನುಂಗುವುದಂತೂ ಕೂಡದು. ಅವುಗಳಲ್ಲಿ ಕೆಲವು ರೋಗವನ್ನು ಕೆಲಕಾಲ ಮರೆಸಿ, ಪತ್ತೆಯಾಗುವುದನ್ನೇ ತಡಮಾಡುತ್ತವೆ.

ಬ್ರಿಟನ್ನಿನಲ್ಲಿರುವ ನಮ್ಮ ಸಂಘದ ಸದಸ್ಯರ ಹೊಣೆ ಇನ್ನೂ ಸ್ಪಷ್ಟ. ಆರು ತಿಂಗಳೊಳಗೆ ಬಂದು ಹೋಗುವ ಅಪ್ಪ ಅಮ್ಮಂದಿರಿಗೆ ವೀಸಾ ನಿಯಮದಂತೆ ಈ ಪರೀಕ್ಷೆ ಇಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲು ಬರುವವರು ಅವರೇ. ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದೆಯೇ ಎಂದು ಟಿಕೆಟ್ ತೆಗೆಯುವ ಮುಂಚೆ ಫೋನಿನಲ್ಲಿ ಕೇಳಿ. ಇದ್ದರೆ ನಂಜನಗೂಡು ಅಥವಾ ನರಸೀಪುರದ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಇಲ್ಲಿಗೆ ಬಂದ ಮೇಲೆ ಲಕ್ಷಣ ಕಂಡರೂ ಖರ್ಚಿಗೆ ಹೆದರಬೇಕಿಲ್ಲ: ಪ್ರವಾಸಿ ವೀಸಾದವರಿಗೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಟಿಬಿ ಪರೀಕ್ಷೆಗೆ, ಚಿಕಿತ್ಸೆಗೆ ಹಣ ಕೇಳುವುದಿಲ್ಲ.