ನಿಮ್ಮ ಎಸಿ ಕೆಂಪು ನೀರು ಬಿಡ್ತದಾ?

ದೀಪಾವಳಿಗೆ ರಾವೂರಿಗೆ ಹೋಗಿದ್ದೆ. ಬೆಂಗಳೂರಿನಿಂದ ಹೆಚ್ಚುಕಮ್ಮಿ 600 ಕಿ.ಮೀ., ಮನೆಮಂದಿಯೆಲ್ಲ ಒಂದೇ ಎಸ್‌ಯುವಿಯಲ್ಲಿ. ಮರುದಿನ ಬೆಳಿಗ್ಗೆ ಗಾಡಿ ಹಿಂದೆ ತೆಗೆದರೆ ಕಾಕಾನ ಅಂಗಳದ ಫರಸಿ ಮೇಲೆ ನಾಲ್ಕು ಕೆಂಪು ಹನಿ. ‘ಎಸಿ ನೀರು ಬಿಡು’ ಅಂದೆ. ಖಣಿಯಿಂದ ಫರಸಿ ಹೊರುವ ಲಾರಿ ಓಡಿಸೋ ಕಾಕಾನ ಮಗ ಕೂತು, ಬೆರಳಲ್ಲಿ ಒರೆಸಿ, ಮೂಸಿ ನೋಡಿ ಕೇಳಿದ: ‘ನಿಮ್ಮ ಬೆಂಗಳೂರಾಗ ಎಸಿ ಕೆಂಪು ನೀರು ಬಿಡ್ತದೇನೋ ತಮ್ಮಾ?’

ಅದು ಗೇರ್‌ಬಾಕ್ಸ್ ಎಣ್ಣೆ. ಎರಡು ತಿಂಗಳ ಹಿಂದಷ್ಟೇ ಸರ್ವಿಸ್ ಆಗಿತ್ತು, ‘ಲೀಕ್: ಇಲ್ಲ’ ಅಂತ ಟಿಕ್ ಹಾಕಿದ ಹಾಳೆ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು. ಟಿಕ್ ಹಾಕಿದವನು ಸುಳ್ಳು ಹೇಳಿದ ಅಂತ ನಾನು ಅನ್ನೋದಿಲ್ಲ. ಅವತ್ತು ಸೋರದೆಯೂ ಇದ್ದಿರಬಹುದು. ರಬ್ಬರ್ ಸೀಲು ಅಪಾಯಿಂಟ್‌ಮೆಂಟ್ ತಗೊಂಡು ಒಡೆಯುವುದಿಲ್ಲ.

ನನ್ನ ಜಗಳ ನಮ್ಮ ಮೇಲೇ. ಸರ್ವರ್ ಒಂದು ನಿಮಿಷ ಕೆಮ್ಮಿದರೆ ರಾತ್ರಿ ಎರಡಕ್ಕೆ ಎದ್ದು ಕೂರುವ ಜನ ನಾವು. ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೈವೇಗೆ ಇಳಿಯುವ ಮುನ್ನ ಗಾಡಿ ಕೆಳಗೆ ಒಮ್ಮೆ ಬಗ್ಗಿ ನೋಡೋದಿಲ್ಲ. ‘ಅದಕ್ಕೇ ಸರ್ವಿಸ್ ಸೆಂಟರ್ ಇದೆಯಲ್ಲ?’ ಇದೆ. ಅವರು ಗಾಡಿ ನೋಡುವುದು ವರ್ಷಕ್ಕೆ ಒಂದೋ ಎರಡೋ ಸಲ. ಉಳಿದ ದಿನ ಅದರ ಪಕ್ಕ ನಿಲ್ಲುವವರು ನೀವು. ಲಾರಿಯಣ್ಣ ದಿನಾ ಬೆಳಿಗ್ಗೆ ಟೈರು ಬಡಿದು, ಸುತ್ತು ಹಾಕಿ, ಕೆಳಗೆ ಇಣುಕದೆ ಚಾವಿ ತಿರುಗಿಸೋದಿಲ್ಲ. ಗಾಡಿ ನಿಂತರೆ ಅವನ ಅವತ್ತಿನ ಕೂಲಿ ನಿಲ್ಲುತ್ತೆ. ನಮಗೆ ಪ್ಯಾಂಟಿನ ಮಂಡಿ ಮಣ್ಣಾಗುತ್ತೆ ಅನ್ನೋ ಚಿಂತೆ.

ಡ್ಯಾಶ್‌ಬೋರ್ಡಿನ ದೀಪ ಹೇಳುತ್ತೆ ಅನ್ನೋ ನಂಬಿಕೆಯೂ ಸುಳ್ಳು. ಬಹುಪಾಲು ಗಾಡಿಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ಇಳಿದಿದೆ ಅಂತ ಹೇಳುವ ದೀಪವೇ ಇಲ್ಲ. ಕೆಲವದರಲ್ಲಿ ಎಣ್ಣೆ ಕುದಿಯುವಷ್ಟು ಬಿಸಿಯಾದಾಗ ಎಚ್ಚರಿಕೆ ಬರುತ್ತೆ, ಅಷ್ಟೊತ್ತಿಗೆ ಕೆಲಸ ಕೆಟ್ಟಿರುತ್ತೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಈ ಎಣ್ಣೆ ಬರೀ ಜಾರಿಕೆಗಲ್ಲ. ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೇ ಅದರ ಒತ್ತಡ. ಕಮ್ಮಿಯಾದರೆ ಡಿ-ಗೆ ಹಾಕಿದ ಮೇಲೂ ಗಾಡಿ ಒಂದು ಕ್ಷಣ ಯೋಚನೆ ಮಾಡುತ್ತೆ, ಎಂಜಿನ್ ಅರಚುತ್ತೆ, ವೇಗ ಏರಲ್ಲ, ಪ್ಲೇಟು ಸುಡುತ್ತೆ. ಆಮೇಲಿನ ಬಿಲ್ಲು ಲಕ್ಷದ ಲೆಕ್ಕ.

‘ಜೀವಮಾನಕ್ಕೆ ಸಾಕು’ ಎಂದು ಕೆಲವು ಕಂಪನಿಗಳು ಹೇಳುತ್ತವಲ್ಲ, ಆ ಮಾತಿಗೆ ನನ್ನ ತಕರಾರಿದೆ. ಯಾರ ಜೀವಮಾನ? ವಾರಂಟಿಯದೋ, ಗಾಡಿಯದೋ? ಎಂಜಿನ್ ಎಣ್ಣೆಯಾದರೆ ಸ್ವಲ್ಪ ಉರಿದು ಕಮ್ಮಿಯಾಗಬಹುದು. ಗೇರ್‌ಬಾಕ್ಸಿನದು ಉರಿಯುವುದಿಲ್ಲ. ಅದು ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ನೋಡೋದಕ್ಕೆ ಬೇಕಿರೋದು ಆನ್‌ಲೈನ್ ಪಾರ್ಸೆಲ್ಲಿನ ಒಂದು ರಟ್ಟು. ರಾವೂರು, ವಾಡಿ, ಚಿತ್ತಾಪುರದ ಕಡೆ ಎದ್ದ ಕಲ್ಲನ್ನೂ ಊರೆಲ್ಲ ಶಹಾಬಾದ್ ಕಲ್ಲು ಅಂತಲೇ ಕರೆಯುತ್ತೆ. ಆ ಕಲ್ಲು ಹಾಸಿದ ಅಂಗಳದಲ್ಲಿ ಹನಿ ತಾನಾಗೇ ಕಾಣುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಯಾರ್ಯಾರದೋ ಹಳೇ ಕಲೆ, ಅದಕ್ಕೇ ರಟ್ಟು. ರಾತ್ರಿ ಹಾಸಿ, ಮುಂದಿನ ಚಕ್ರ ಯಾವ ಕಡೆ ಅಂತ ಗುರುತು ಹಾಕಿ, ಬೆಳಿಗ್ಗೆ ಎಳೆದು ನೋಡಿ. ತಿಳಿನೀರಾದರೆ ಎಸಿಯದು, ನೆಮ್ಮದಿ. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಬಂದರೆ ಕೂಲಂಟ್. ಕಂದು-ಕಪ್ಪಾದರೆ ಬಹುಶಃ ಎಂಜಿನ್ ಎಣ್ಣೆ. ಕೆಂಪಾದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರಬಹುದು, ಬೇರೆ ಗುರುತಾಗಲಿ ಅಂತಲೇ ಅದಕ್ಕೆ ಬಣ್ಣ ಹಾಕಿರ್ತಾರೆ. ಹಳೆಯದಾದರೆ ಅದೂ ಕಂದಾಗುತ್ತೆ, ಹೈಡ್ರಾಲಿಕ್ ಪವರ್ ಸ್ಟೀರಿಂಗಿನ ಎಣ್ಣೆಯೂ ಕೆಂಪಿರುತ್ತೆ. ಹಾಗಾಗಿ ಬಣ್ಣಕ್ಕಿಂತ ಬಿದ್ದ ಜಾಗ ಮುಖ್ಯ. ಹಿಂಚಕ್ರ ಎಳೆಯುವ ದೊಡ್ಡ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮುಂದಿನ ಸೀಟುಗಳ ಕೆಳಗೆ, ಮುಂಚಕ್ರದವುಗಳಲ್ಲಿ ಬಾನೆಟ್ಟಿನ ಕೆಳಗೇ. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಎಣ್ಣೆಯಾದರೆ ಮೂಗಿಗೆ ಗಂಧಕದ ವಾಸನೆ ಹೊಡೆಯುತ್ತೆ. ಸಿಮೆಂಟ್ ಫ್ಯಾಕ್ಟರಿಗಳ ಸೀಮೆಯಲ್ಲಿ ಇನ್ನೂ ಒಂದು ಉಪಕಾರ ಇದೆ. ಎಣ್ಣೆ ಜಿನುಗಿದ ಕಡೆ ಧೂಳು ಮೆತ್ತಿ ಕಪ್ಪು ಹಕ್ಕಳೆ ಕಟ್ಟಿರುತ್ತೆ, ಮೊಬೈಲ್ ಟಾರ್ಚ್ ಬಿಟ್ಟರೆ ಸಾಕು.

ಇಷ್ಟು ಓದಿ ವೀಡಿಯೊ ನೋಡಿಕೊಂಡು ತಾವೇ ಎಣ್ಣೆ ಸುರಿಯಲು ಹೊರಡುವ ಶೂರರಿದ್ದಾರೆ. ದಯವಿಟ್ಟು ಬೇಡ. ಈಗಿನ ಎಷ್ಟೋ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಗಾಡಿ ಸಮತಟ್ಟಾಗಿ ಎತ್ತಿ, ಎಂಜಿನ್ ಓಡಿಸಿ, ಎಣ್ಣೆ ಇಂತಿಷ್ಟೇ ಬಿಸಿಯಾದಾಗ ಮಟ್ಟ ನೋಡಬೇಕು. ತಪ್ಪು ಎಣ್ಣೆ ಹಾಕಿದರೆ ಸೋರಿಕೆಗಿಂತ ಬೇಗ ಹಾಳು. ಮತ್ತೆ, ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಲೇಬೇಡಿ. ಜಾಕ್ ಇರೋದು ಟೈರು ಬದಲಿಸೋದಕ್ಕೆ. ಕೂತು, ಬಗ್ಗಿ, ರಟ್ಟಿನ ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿ. ಫೋಟೋ ಕೈಯಲ್ಲಿದ್ದರೆ ಅವನೂ ‘ಏನಿಲ್ಲ ಸಾರ್’ ಅನ್ನೋದಕ್ಕೆ ಹಿಂದೆಮುಂದೆ ನೋಡ್ತಾನೆ.

ನಮ್ಮದು ಕೂಲರಿಗೆ ಹೋಗುವ ಪೈಪಿನ ಜೋಡಣೆಯಲ್ಲಿ ಸೋರುತ್ತಿತ್ತು. ‘ಹಿಂಗೇ ಬೆಂಗಳೂರಿಗೆ ಹೋಗ್ತೀನಿ ಅಂದ್ರ ಚಾವಿ ಕೊಡಂಗಿಲ್ಲ’ ಅಂತ ಅಣ್ಣ ಕಿಸೆಗೆ ಹಾಕಿಕೊಂಡ. ಗಾಡಿ ಟೋ ಮಾಡಿಸಿಕೊಂಡು ಕಲಬುರಗಿಗೆ ಹೋಯಿತು, ನಾವು ವಾಡಿಯಲ್ಲಿ ರೈಲು ಹತ್ತಿದೆವು. ಸುಣ್ಣದ ಕಲ್ಲು ಎಣ್ಣೆ ಕುಡಿದುಬಿಡುತ್ತೆ. ಚಿಗವ್ವ ಸೋಡಾ ಹಾಕಿ ಎರಡು ಸಲ ತಿಕ್ಕಿದಳಂತೆ, ನಾಲ್ಕೂ ಹನಿ ಅಲ್ಲೇ ಇವೆ.